ಸಣ್ಣಮ್ಮ ಸುಡದೆ ಬಿಟ್ಟ ಸೊಪ್ಪು

ಕಾಯ್ಕಿಣಿಯ ಹಿಂದಿನ ಗುಡ್ಡದ ಮೂಡು ಮಗ್ಗುಲಿಗೆ ಹದಿನಾಲ್ಕು ಹುಲ್ಲುಮನೆಗಳ ಒಂದು ಕೇರಿ ಇತ್ತು. ಆ ಕೇರಿಯ ಸಣ್ಣಮ್ಮನಿಗೆ ಕಟ್ಟಿಗೆಯ ವಿಷಯದಲ್ಲಿ ಎದುರಾಡುವವರು ಹೊನ್ನಾವರದಿಂದ ಭಟ್ಕಳದವರೆಗೂ ಇರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಒಲೆಯ ಮುಂದೆ ಕೂರಿಸಿದರೂ ಒಳಗೆ ಉರಿಯುತ್ತಿರುವುದು ಮತ್ತಿಯೋ ಜಂಬೆಯೋ ಎಂದು ಹೊಗೆಯ ವಾಸನೆಯಲ್ಲೇ ಹೇಳಿಬಿಡುತ್ತಿದ್ದಳು. ಭಟ್ಕಳದ ನವಾಯತರ ಮನೆಯಲ್ಲಿ ಮದುವೆಯೆಂದರೆ ಅಡಿಗೆಯವರು ವಾರದ ಮೊದಲೇ ಅವಳಿಗೆ ಹೇಳಿಕಳಿಸುತ್ತಿದ್ದರು. ಸದ್ದಿಲ್ಲದೆ ಕೆಂಡವಾಗಿ ಕೂರುವ ಕಟ್ಟಿಗೆ ಬೇರೆ, ಭಗ್ಗೆಂದು ಹತ್ತಿ ಬೂದಿಯಾಗುವ ಕಟ್ಟಿಗೆ ಬೇರೆ, ಅದು ತಿಳಿಯದವರ ಕೈಯ ಅನ್ನ ತಳ ಹಿಡಿಯುತ್ತದೆ ಎಂದು ಅವಳು ಆ ಅಡಿಗೆಯವರಿಗೇ ಪಾಠ ಹೇಳಿ, ಹೊರೆ ಇಳಿಸಿ ಬರುತ್ತಿದ್ದಳು. ಅವರು ನಗುತ್ತಿದ್ದರು, ಆದರೆ ಬೇರೆಯವರ ಹೊರೆ ಕೊಳ್ಳುತ್ತಿರಲಿಲ್ಲ.

ಗಂಡ ದುರ್ಗ ತೀರಿಕೊಂಡಾಗ ಮಗಳು ಗಂಗೆಗೆ ಮೂರು ವರ್ಷ. ಅಂದಿನಿಂದ ಸಣ್ಣಮ್ಮ ಬದುಕಿದ್ದು ತಲೆಹೊರೆಯ ಮೇಲೆ. ಜೊತೆಗೆ ಇದ್ದವಳು ಸುಕ್ರಿ, ಅದೇ ಕೇರಿಯವಳು, ಹತ್ತು ವರ್ಷಕ್ಕೆ ಹಿರಿಯಳು. ಇಬ್ಬರೂ ಒಟ್ಟಿಗೆ ಗುಡ್ಡ ಹತ್ತುತ್ತಿದ್ದರು, ಒಬ್ಬರ ಹೊರೆಗೆ ಇನ್ನೊಬ್ಬರು ಕೈಕೊಟ್ಟು ಎತ್ತುತ್ತಿದ್ದರು. ಗಂಗೆ ಸುಕ್ರಿಯನ್ನು ದೊಡ್ಡವ್ವಿ ಎಂದು ಕರೆಯುತ್ತ, ಅರ್ಧ ದಿನ ಅವಳ ಮನೆಯಲ್ಲೇ ಉಂಡು ಬೆಳೆದಳು.

ಗುಡ್ಡದ ಪಡುವಣ ಮಗ್ಗುಲು ಪೂರ್ತಿ ಹುಲ್ಲು. ಬೇಸಿಗೆಯಲ್ಲಿ ಯಾರೋ ದನ ಮೇಯಿಸುವವ ಬೀಡಿ ಎಸೆದು ಹೋದರೆ ಸಾಕು, ಮಧ್ಯಾಹ್ನದ ಕಡಲಗಾಳಿ ಬೆಂಕಿಯನ್ನು ನೆತ್ತಿಗೆ ಹತ್ತಿಸಿ ಕೇರಿಯ ಕಡೆಗೆ ಇಳಿಸುತ್ತಿತ್ತು. ೧೯೫೮ರ ಬೇಸಿಗೆಯಲ್ಲಿ ಹಾಗೆ ಇಳಿದ ಬೆಂಕಿ ಎರಡು ಕೊಟ್ಟಿಗೆ ಸುಟ್ಟಿತು, ಅರಣ್ಯ ಇಲಾಖೆಯವರು ನೆಟ್ಟಿದ್ದ ಸಸಿಗಳನ್ನೂ ಸುಟ್ಟಿತು. ಕೊಟ್ಟಿಗೆ ಸುಟ್ಟಾಗ ಬಾರದಿದ್ದ ಸಾಹೇಬರು ಸಸಿ ಸುಟ್ಟಾಗ ಬಂದರು. ಆದರೂ ಹರಿಹರ ಸಾಹೇಬ ಕೆಟ್ಟವನಲ್ಲ. ಬಯಲುಸೀಮೆಯ ಕಡೆಯವ, ಎಳೆಯ ವಯಸ್ಸು, ಮರವೆಂದರೆ ಪುಸ್ತಕದಲ್ಲಿ ಕಂಡದ್ದೇ ಹೆಚ್ಚು. ಅವನ ತಲೆಯಲ್ಲಿ ಒಂದು ಹಂಚಿಕೆ ಇತ್ತು. ಬೆಂಕಿ ಬೇಗ ಹತ್ತದ ಜಾತಿಯ ಮರಗಳನ್ನು ಗುಡ್ಡದ ಇಳಿಜಾರಿನಲ್ಲಿ ಅಡ್ಡಕ್ಕೆ ಸಾಲಾಗಿ ನೆಟ್ಟರೆ ಬೆಂಕಿ ಅಲ್ಲಿಗೆ ಬಂದು ಸೋಲುತ್ತದೆ. ಸಸಿಯೂ ಉಳಿಯುತ್ತದೆ, ಕೇರಿಯೂ ಉಳಿಯುತ್ತದೆ. ಯಾವ ಜಾತಿ ನಿಧಾನ, ಯಾವುದು ಚುರುಕು ಎಂದು ಸುಟ್ಟೇ ನೋಡಬೇಕು. ಸೊಪ್ಪು ತಂದುಕೊಡಲು ಯಾರನ್ನು ಕರೆಯುವುದು ಎಂದು ಅವನು ಕೇಳಿದಾಗ ಗಾರ್ಡ್ ನಾಗಪತಿ ಎರಡನೆಯ ಹೆಸರು ಹೇಳಲಿಲ್ಲ.

ಸಣ್ಣಮ್ಮನಿಗೆ ಹಿಗ್ಗೋ ಹಿಗ್ಗು. ಸರಕಾರ ತನ್ನನ್ನು ಕೇಳುತ್ತಿದೆ. ಹತ್ತೊಂಬತ್ತು ಜಾತಿಯ ಹೆಸರು ಬರೆದ ಪಟ್ಟಿಯನ್ನು ನಾಗಪತಿ ಓದಿ ಹೇಳಿದ: ಗಾಳಿಮರ, ಗೇರು, ಹಲಸು, ಮುರುಗಲು, ನೇರಳೆ, ಮತ್ತಿ, ಕೌಲು, ಹೀಗೆ. ಕಾರ್ತಿಕದಲ್ಲೇ ಸೊಪ್ಪು ಕೊಯ್ದು, ದಂಟಿನಿಂದ ಎಲೆ ಬಿಡಿಸಿ, ಮಾಡಿನ ಕೆಳಗೆ ನೆರಳಲ್ಲಿ ಒಣಗಿಸಿ, ಜಾತಿಗೊಂದು ಗೋಣಿಚೀಲದಲ್ಲಿ ತುಂಬಿಡಬೇಕು. ಜನವರಿಯಲ್ಲಿ ಸಾಹೇಬ ಬಂದು ಸುಡುತ್ತಾನೆ. ಪಟ್ಟಿಯ ಹದಿನಾಲ್ಕನೆಯ ಹೆಸರು ಕೇಳಿದಾಗ ಅವಳ ಹಿಗ್ಗು ಇಳಿಯಿತು. ಅದು ಧೂಪದ ಮರ.

ಧೂಪದ ಮರವೆಂದರೆ ಆ ಕೇರಿಯನ್ನು ಕಾಯುವ ದೈವ ಜಟ್ಟಿಗನ ಮರ. ಗುಡ್ಡದ ಬುಡದ ಬನದಲ್ಲಿ ಮೂರು ಇದ್ದವು, ನಡುವೆ ಜಟ್ಟಿಗನ ಕಲ್ಲು. ಕಾಂಡದಿಂದ ತಾನಾಗಿ ಇಳಿದ ಅಂಟನ್ನು ಮಾತ್ರ ದೇವರ ಹೆಸರಿನಲ್ಲಿ ಕೆಂಡಕ್ಕೆ ಹಾಕಬಹುದು. ಅದರ ಎಲೆ, ಕಡ್ಡಿ, ತೊಗಟೆ ಯಾವುದನ್ನೂ ಬೆಂಕಿಗೆ ತೋರಿಸುವಂತಿಲ್ಲ. ತೋರಿಸಿದವರ ಮನೆ ಸುಟ್ಟುಹೋಗುತ್ತದೆ. ಇದನ್ನು ಯಾರು ಮೊದಲು ಹೇಳಿದರೋ, ಯಾರ ಮನೆ ಸುಟ್ಟಿತೋ, ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಹುಲ್ಲುಮನೆಯಲ್ಲಿ ಹುಟ್ಟಿ ಹುಲ್ಲುಮನೆಯಲ್ಲಿ ಸಾಯುವವರಿಗೆ ಅಂಥ ಮಾತಿಗೆ ಸಾಕ್ಷಿ ಬೇಕಾಗುವುದಿಲ್ಲ.

ಆ ಸೊಪ್ಪು ತರಲಾರೆ ಎಂದು ಸಾಹೇಬನಿಗೆ ಹೇಳಬಹುದಾಗಿತ್ತು. ಅವನೇನು ನುಂಗುತ್ತಿದ್ದನೇ? ಆದರೆ ಕಟ್ಟಿಗೆಯ ಕೆಲಸದಲ್ಲಿ ಆಗುವುದಿಲ್ಲ ಎಂಬ ಮಾತು ಸಣ್ಣಮ್ಮನ ಬಾಯಲ್ಲಿ ಬಂದದ್ದೇ ಇಲ್ಲ. ಅದೂ ಅಲ್ಲದೆ, ದೇವರ ಮಾತು ಎಂದರೆ ಸಾಹೇಬ ನಕ್ಕು, ಬೇರೆ ಯಾರಿಂದಲೋ ತರಿಸಿ, ಅವಳ ಕಣ್ಣೆದುರೇ ಸುಡಿಸಿದರೆ ಏನು ಗತಿ? ಆಗ ಅವಳಿಗೆ ಅಮಟೆ ಮರ ನೆನಪಾಯಿತು. ಅಮಟೆಯದೂ ಧೂಪದ್ದೂ ಒಂದೇ ಬಗೆಯ ಎಲೆ, ಉದ್ದ ದಂಟಿನ ಎರಡೂ ಪಕ್ಕಕ್ಕೆ ಸಾಲಾಗಿ ಬರುವಂಥದು. ಬಿಡಿಸಿ ಒಣಗಿಸಿದರೆ ಮುದುರಿದ ಎಲೆ ನೋಡಿ ಬಯಲುಸೀಮೆಯವನು ಗುರುತು ಹಿಡಿಯುವುದು ಸುಳ್ಳು. ಹದಿನಾಲ್ಕನೆಯ ಚೀಲಕ್ಕೆ ಅವಳು ಅಮಟೆ ಸೊಪ್ಪು ತುಂಬಿದಳು. ಒಂದು ಚೀಲ ಸೊಪ್ಪಿನಿಂದ ಯಾರ ಗಂಟೇನು ಹೋಗುತ್ತದೆ ಎಂದು ಅಂದುಕೊಂಡಳು.

ಸುಟ್ಟದ್ದು ಗುಡ್ಡದ ತಪ್ಪಲಿನ ಬೋಳು ಚಿರೆಕಲ್ಲಿನ ಮೇಲೆ. ತಕ್ಕಡಿಯಲ್ಲಿ ಒಂದೇ ತೂಕದ ಗುಡ್ಡೆ, ಒಂದೇ ಕಡ್ಡಿ ಬೆಂಕಿ. ಸಾಹೇಬ ಕೈಗಡಿಯಾರ ನೋಡಿ ಎಷ್ಟು ಹೊತ್ತಿಗೆ ಹತ್ತಿತು ಎನ್ನುವನು, ಗೆರೆ ಕೊರೆದ ಬಿದಿರ ಕೋಲು ನಿಲ್ಲಿಸಿ ಜ್ವಾಲೆ ಎಷ್ಟೆತ್ತರ ಎನ್ನುವನು, ನಾಗಪತಿ ಬರೆದುಕೊಳ್ಳುವನು. ಗಾಳಿಮರದ ಸೊಪ್ಪು ಕಡ್ಡಿ ತಾಗುವುದರೊಳಗೆ ಹೊತ್ತಿಕೊಂಡಿತು. ಮುರುಗಲು ಹೊಗೆಯಾಡಿ ಸತಾಯಿಸಿತು. ಸುಡುವ ಮೊದಲೇ ಯಾವುದು ಹೇಗೆ ಉರಿಯುತ್ತದೆ ಎಂದು ಸಣ್ಣಮ್ಮ ಹೇಳಿ, ಹಾಗೇ ಆದಾಗ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ಹದಿನಾಲ್ಕನೆಯ ಚೀಲ ಬಂದಾಗ ಮಾತ್ರ ಏನೂ ಹೇಳಲಿಲ್ಲ. ಆ ಗುಡ್ಡೆಗೆ ಮೂರು ಸಲ ಕಡ್ಡಿ ಗೀರಬೇಕಾಯಿತು. ಕೆಳಗೆ ಕೆಂಪಗೆ ಕಮರಿ, ಒಂದು ಗೇಣು ಜ್ವಾಲೆ ಎದ್ದು, ಆರಿಹೋಯಿತು.

ಸಾಹೇಬನಿಗೆ ನಂಬಿಕೆಯಾಗಲಿಲ್ಲ. ಆ ಮರದ ಅಂಟೇ ಧೂಪವಾಗಿ ಉರಿಯುತ್ತದೆ, ಅದರ ಕಟ್ಟಿಗೆ ಬೆಂಕಿಪೊಟ್ಟಣದ ಕಾರ್ಖಾನೆಗೆ ಹೋಗುತ್ತದೆ, ಅಂಥದರ ಎಲೆ ಇಷ್ಟು ಮಂದವೇ ಎಂದು ಅವನು ಸಣ್ಣಮ್ಮನ ಕಡೆ ತಿರುಗಿದ. "ನೀನು ಹೇಳು ಸಣ್ಣಮ್ಮ. ಇದು ನಿಜವೇ?"

ಅವಳು ಕೈಯ ಬೂದಿ ಕೊಡವಿಕೊಂಡಳು. "ಉರದದ್ದ ನೀವೇ ಕಂಡ್ರಲ್ಲ, ಒಡಿಯಾ. ನಾ ಎಂತ ಹೇಳೂದು?"

ಅಲ್ಲಿಗೆ ಮುಗಿಯಿತು. ಧೂಪದ ಮರ ಬೇಗ ಬೆಳೆಯುತ್ತದೆ, ಕಾರ್ಖಾನೆಗೆ ಬೇಕಾದದ್ದು, ಬೆಂಕಿಗೂ ಜಗ್ಗುವುದಿಲ್ಲ. ಇದಕ್ಕಿಂತ ಒಳ್ಳೆಯ ಮರ ಇಲಾಖೆಗೆ ಯಾವುದು ಸಿಕ್ಕೀತು? ಆ ವರ್ಷದ ಮಳೆಗಾಲದಲ್ಲಿ ಕೇರಿಯ ಮೇಲ್ಗಡೆ, ತೆಂಕಣ ಹಳ್ಳದಿಂದ ಬಡಗಣ ಒರತೆಯವರೆಗೆ, ನಾಲ್ಕು ಸಾಲು ಧೂಪದ ಸಸಿ ನೆಟ್ಟರು. ನೆಡಲು ಕೂಲಿಗೆ ಹೋದವರಲ್ಲಿ ಸಣ್ಣಮ್ಮನೂ ಇದ್ದಳು. ಸುಟ್ಟು ನೋಡದ ಮರವನ್ನು ಕೇರಿಯ ತಲೆಯ ಮೇಲೆ ನೆಡುತ್ತಿದ್ದೇನೆ ಎಂದು ಸಸಿಯ ಬುಡಕ್ಕೆ ಮಣ್ಣು ಒತ್ತುವಾಗ ಅವಳಿಗೆ ಮೊದಲ ಸಲ ಹೊಳೆಯಿತು. ಮರುವರ್ಷ ಸಾಹೇಬನಿಗೆ ವರ್ಗವಾಯಿತು, ಅವನು ಬರೆದ ಕಾಗದ ಕಚೇರಿಯಲ್ಲಿ ಉಳಿಯಿತು.

ಕೇರಿಯವರಿಗೆ ಸಂತೋಷವೇ ಆಯಿತು. ಸರಕಾರವೇ ಜಟ್ಟಿಗನ ಮರಗಳ ಬೇಲಿ ಕಟ್ಟಿಕೊಟ್ಟಿತಲ್ಲ ಎಂದರು. ಹೆಂಗಸರು ಆ ಸಾಲಿನ ಮುಂದೆ ಹಾಯುವಾಗ ಕೈಮುಗಿದರು. ಇಲಾಖೆ ತಂತಿ ಬಿಗಿದು, ಒಳಗಿನ ಒಂದು ಎಲೆಯನ್ನೂ ಮುಟ್ಟಬಾರದೆಂದು ಹಲಗೆ ನೆಟ್ಟಿತು. ಹಲಗೆ ಓದಲು ಬರುವವರು ಯಾರೂ ಇರಲಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಉಳಿದ ಗುಡ್ಡದಲ್ಲಿ ಹೆಂಗಸರು ಮಾಘ ಬಂತೆಂದರೆ ದರಕು ಗುಡಿಸುತ್ತಾರೆ. ಉದುರಿದ ಒಣ ಎಲೆಯನ್ನೆಲ್ಲ ಬಾಚಿ, ಬುಟ್ಟಿಯಲ್ಲಿ ತುಂಬಿ, ಕೊಟ್ಟಿಗೆಯ ಗೊಬ್ಬರಕ್ಕೆ ಒಯ್ಯುತ್ತಾರೆ. ನೆಲ ಅಂಗಳದಂತೆ ಚೊಕ್ಕಟವಾಗುತ್ತದೆ. ಧೂಪದ ಸಾಲಿನ ಕೆಳಗೆ ಮಾತ್ರ ಯಾರೂ ಹಿಡಿಸೂಡಿ ಇಡಲಿಲ್ಲ. ವರ್ಷದ ಮೇಲೆ ವರ್ಷ ಎಲೆ ಬಿದ್ದಲ್ಲೇ ಬಿತ್ತು.

ಸಣ್ಣಮ್ಮನಿಗೆ ಬೇಸಿಗೆ ಬೇಡವಾಯಿತು. ಫಾಲ್ಗುಣದಲ್ಲಿ ಕಡಲಗಾಳಿ ಏಳುವ ಹೊತ್ತಿಗೆ ಸಾಲಿನ ಕಡೆಯಿಂದ ಸರಸರ ಸದ್ದು ಕೇಳಿದರೆ ಅವಳು ಉಣ್ಣುವುದನ್ನು ಬಿಟ್ಟು ಎದ್ದು ಹೋಗುತ್ತಿದ್ದಳು. ತಂತಿಯ ಹೊರಗೆ ನಿಂತು ಕೋಲು ಚುಚ್ಚಿ ನೋಡಿದರೆ ಒಂದು ವರ್ಷ ಗೇಣು ಆಳ, ಮತ್ತೆ ಮೂರು ವರ್ಷಕ್ಕೆ ಮೊಣಕಾಲುದ್ದ. ಕಾಂಡಗಳ ಮೇಲೆ ಅಂಟು ಇಳಿದು ಗಟ್ಟಿಯಾಗಿತ್ತು. ಬೆಂಕಿಯ ವಿಷಯದಲ್ಲಿ ತನಗಿಂತ ತಿಳಿದವರಿಲ್ಲ ಎಂಬ ಹೆಮ್ಮೆ ಅವಳಿಗಿತ್ತಲ್ಲ, ಈಗ ಆ ತಿಳಿವೇ ಅವಳನ್ನು ತಿನ್ನತೊಡಗಿತು. ಹೇಳೋಣವೆಂದರೆ ಮೊದಮೊದಲು ಸಾಹೇಬನ ಭಯ, ಆಮೇಲೆ ನಾಚಿಕೆ. ನಾಲ್ಕು ವರ್ಷ ಕಳೆದ ಮೇಲಂತೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಾಗಿತ್ತು.

೧೯೬೪ರಲ್ಲಿ ಗಂಗೆಯ ಮದುವೆಯಾಯಿತು. ಅಳಿಯ ಮಾಬ್ಲ ಮಿರ್ಜಾನದ ಕಡೆಯವ, ಮಾತು ಕಡಿಮೆ, ಕೆಲಸ ಹೆಚ್ಚು. ಹೆಂಡತಿಯ ಊರಿನಲ್ಲೇ ನಿಲ್ಲುತ್ತೇನೆಂದು ಬಂದು, ಮನೆ ಕಟ್ಟಲು ಸಮತಟ್ಟು ಜಾಗ ಹುಡುಕಿದ. ಸಿಕ್ಕಿದ್ದು ಎಲ್ಲಿ? ಸರಿಯಾಗಿ ಧೂಪದ ಸಾಲಿನ ಕೆಳಗೆ. ಸಣ್ಣಮ್ಮ ಹಾವಿದೆ ಎಂದಳು, ನೀರು ದೂರ ಎಂದಳು, ದಿಕ್ಕು ಸರಿಯಿಲ್ಲ ಎಂದಳು. ಜಟ್ಟಿಗನ ಬೇಲಿಯ ಬುಡಕ್ಕೆ ಬೆಂಕಿ ಇಳಿಯುವುದೇ ಇಲ್ಲ ಎಂದು ಮಾಬ್ಲ ಕಂಬ ನೆಟ್ಟ. ಹುಲ್ಲು ಹೊದೆಸುವ ದಿನ ಕೇರಿಯವರೆಲ್ಲ ಬಂದರು, ಸುಕ್ರಿ ಗಂಜಿ ಬಡಿಸಿದಳು. ಮರುವರ್ಷ ಗಂಗೆ ಬಸುರಿಯಾದಳು.

ಅಲ್ಲಿಗೆ ಸಣ್ಣಮ್ಮನ ಕಟ್ಟೆಯೊಡೆಯಿತು. ನಾಗಪತಿಯನ್ನು ಹುಡುಕಿಕೊಂಡು ಹೋಗಿ ಅಮಟೆ ಸೊಪ್ಪಿನ ಕತೆಯನ್ನು ಬಿಡದೆ ಹೇಳಿದಳು. ಗಾರ್ಡ್ ಎದ್ದು ಬಾಗಿಲು ಮುಂದೆ ಮಾಡಿದ.

"ಆ ಪಟ್ಟಿ ಬರದದ್ದು ನಾನು. ಕೆಳಗೆ ನನ್ನ ಸಹಿ ಅದೆ. ಈಗ ಸುಳ್ಳು ಅಂದ್ರೆ ನನ್ನ ಕೆಲ್ಸ ಹೋಗ್ತದೆ, ನೀ ಒಳಗೆ ಹೋಗ್ತೆ. ಸುಮ್ನಿರು, ಸಣ್ಣಮ್ಮ."

ಹಾಗಾದರೆ ದರಕನ್ನಾದರೂ ಗುಡಿಸಲು ಬಿಡು ಎಂದು ಅವಳು ಬೇಡಿಕೊಂಡಳು. ತಂತಿಯೊಳಗಿನ ಎಲೆ ಸರಕಾರದ್ದು ಎಂದು ಅವನು ಬೇರೆ ಕಡೆ ನೋಡಿದ. ನಾಗಪತಿ ಹೆದರುಪುಕ್ಕಲ. ಅವನನ್ನು ಬೈಯುವುದು ಸುಲಭ, ಆದರೆ ಅವನು ಹೆದರಿದ ಸಂಗತಿಗೇ ಆರು ವರ್ಷ ಸಣ್ಣಮ್ಮನೂ ಹೆದರಿದ್ದಳು.

ಉಳಿದದ್ದು ಅವಳ ಕತ್ತಿ ಮತ್ತು ಅವಳ ರಟ್ಟೆ. ೧೯೬೬ರ ಮಾಘದಲ್ಲಿ, ಕೇರಿಯವರು ಉಂಡು ಅಡ್ಡಾಗುವ ಮಧ್ಯಾಹ್ನದ ಹೊತ್ತಿನಲ್ಲಿ, ಅವಳು ತಂತಿ ನುಸುಳಿ ಒಳಗೆ ಹೋದಳು. ಮೊದಲ ಮರಕ್ಕೆ ಕತ್ತಿ ಹಾಕುವ ಮುನ್ನ ಕೈಮುಗಿದು, ಶಾಪ ಕೊಡುವುದಾದರೆ ತನಗೆ ಕೊಡು, ಮಗಳಿಗೆ ಬೇಡ ಎಂದು ಜಟ್ಟಿಗನಿಗೆ ಹೇಳಿದಳು. ದಿನಕ್ಕೊಂದು ಮರ. ಕಡಿದು, ತುಂಡು ಮಾಡಿ, ಹಳ್ಳಕ್ಕೆ ಎಳೆದು, ಬುಡದ ದರಕನ್ನೆಲ್ಲ ಬಾಚಿ ಕೆಂಪು ಮಣ್ಣು ಕಾಣಿಸುವವರೆಗೆ ಗುಡಿಸುತ್ತಿದ್ದಳು. ಅಂಗೈಯ ಅಂಟು ಎಣ್ಣೆ ತಿಕ್ಕಿದರೂ ಹೋಗುತ್ತಿರಲಿಲ್ಲ. ನಾಗಪತಿ ಒಂದು ದಿನ ದೂರದಿಂದ ನೋಡಿದ, ಬಂದ ದಾರಿಯಲ್ಲೇ ತಿರುಗಿ ಹೋದ.

ಸುಕ್ರಿಯೂ ನೋಡಿದಳು. ತಪ್ಪಿಸಿಕೊಂಡ ಕರುವನ್ನು ಹುಡುಕುತ್ತ ಬಂದವಳು ತಂತಿಯ ಆಚೆ ಕಲ್ಲಾಗಿ ನಿಂತಳು. "ಇದು ಯಾರ ಮರ ಅಂತ ಗೊತ್ತಿದ್ದೂ ಕಡಿತೀಯನೇ? ಎಂತಾ ಆಗದೆ ನಿಂಗೆ?"

ಸಣ್ಣಮ್ಮನ ಬಾಯಿಗೆ ನಿಜ ಬಂದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಇವಳಿಗೆ ಹೇಳಿದರೆ ಕೇರಿಗೇ ಹೇಳಿದಂತೆ; ಕೇರಿಗೆ ತಿಳಿದರೆ ಗಂಗೆಯ ಹೆರಿಗೆಗೆ ಯಾರು ಬರುತ್ತಾರೆ? ಮಗಳ ಮನೆಗೆ ನೆರಳು ಹೆಚ್ಚಾಯಿತು, ಬಾಣಂತಿಗೆ ಬಿಸಿಲು ಬೇಕು ಎಂದು ಏನೋ ಗೊಣಗಿದಳು. ಸುಕ್ರಿ ಕರು ಹುಡುಕುತ್ತ ಮುಂದೆ ಹೋದಳು. ಆ ಸಂಜೆ ಬನಕ್ಕೆ ಹೋಗಿ, ಸಣ್ಣಮ್ಮನ ತಪ್ಪು ಮನ್ನಿಸೆಂದು ಕಾಯಿ ಇಟ್ಟು ಬಂದಳು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಹನ್ನೊಂದು ದಿನದಲ್ಲಿ ಹನ್ನೊಂದು ಮರ ಹೋಯಿತು. ಮಗಳ ಮನೆಯ ನೇರಕ್ಕೆ ಹದಿನೈದು ಮಾರು ಅಗಲದ ಬಯಲಾಯಿತು. ಹನ್ನೆರಡನೆಯ ದಿನ ಗಂಗೆಗೆ ನೋವು ಬಂತು, ಗಂಡು ಮಗುವಾಯಿತು. ಬಾಣಂತಿಯ ಉಪಚಾರದಲ್ಲಿ ಕತ್ತಿ ಮೂಲೆ ಸೇರಿತು. ಉಳಿದ ಹದಿನಾಲ್ಕು ಮನೆಗಳ ಮೇಲಿನ ಸಾಲು ಹಾಗೇ ನಿಂತಿತ್ತು. ಮಗುವಿಗೆ ತಿಂಗಳು ತುಂಬಲಿ, ಆಮೇಲೆ ಅದನ್ನೂ ನೋಡೋಣ ಎಂದು ಸಣ್ಣಮ್ಮ ಅಂದುಕೊಂಡಳು.

ಮಗುವಿಗೆ ಇಪ್ಪತ್ತಮೂರು ದಿನವಾಗಿದ್ದಾಗ, ಗಂಡಸರೆಲ್ಲ ಗದ್ದೆಯಲ್ಲಿದ್ದ ಮಧ್ಯಾಹ್ನ, ಗುಡ್ಡದ ನೆತ್ತಿಯ ಮೇಲೆ ಹೊಗೆ ಎದ್ದಿತು. ಕೇರಿಯವರು ಅಂಗಳಕ್ಕೆ ಬಂದು ನೋಡಿದರು, ಅಷ್ಟೇ. ಜಟ್ಟಿಗನ ಬೇಲಿ ಇದೆಯಲ್ಲ. ಯಾರೂ ನೀರು ತುಂಬಲಿಲ್ಲ, ಪಾತ್ರೆ ಹೊರಗೆ ಹಾಕಲಿಲ್ಲ. ಬೆಂಕಿ ಹುಲ್ಲಿನಲ್ಲಿ ಇಳಿದು ಸಾಲಿಗೆ ಬಂದು ಒಂದು ಗಳಿಗೆ ಕಾಣದಾಯಿತು. ಆರಿತು ಎಂದು ಯಾರೋ ಹೇಳಿದರು. ಸಣ್ಣಮ್ಮನೊಬ್ಬಳಿಗೆ ಅದು ದರಕಿನ ಅಡಿಗೆ ಹೊಕ್ಕಿದೆ ಎಂದು ತಿಳಿಯಿತು. ಓಡಿ ಎಂದು ಅವಳು ಕೂಗಿದಳು. ಮಗಳ ಮನೆಗೆ ಓಡಿ, ಕೊಡ ಹಿಡಿದು ಮಾಡು ಹತ್ತಿದಳು. ಅಷ್ಟರಲ್ಲಿ ಏಳು ವರ್ಷದ ಎಲೆ ಒಟ್ಟಿಗೇ ಹೊತ್ತಿಕೊಂಡಿತು. ಕಾಂಡದ ಅಂಟು ಸಿಡಿಯಿತು. ಬೆಂಕಿ ಹಿಡಿದ ಹಗುರ ಎಲೆಗಳು ಗಾಳಿಯಲ್ಲಿ ತೇಲಿಬಂದು ಒಂದೊಂದೇ ಮಾಡಿನ ಮೇಲೆ ಕೂತವು.

ಮಾಡಿನ ಮೇಲಿಂದ ಅವಳಿಗೆ ಎಲ್ಲ ಕಾಣುತ್ತಿತ್ತು. ಗುಡಿಸಿದ ಕೆಂಪು ಮಣ್ಣಿನ ಅಂಚಿಗೆ ಬಂದ ಬೆಂಕಿ ಎರಡು ಪಾಲಾಗಿ ಆಚೀಚೆ ಹರಿಯಿತು. ಅಲ್ಲಿಂದ ಮೂರನೆಯ ಮನೆ ಸುಕ್ರಿಯದು. ಅದರ ಮಾಡು ಹತ್ತಿತು. ಸುಕ್ರಿ ಹೊರಗೆ ಬಂದಿದ್ದಳು, ಕೊಟ್ಟಿಗೆಯಲ್ಲಿ ಕಟ್ಟಿದ್ದ ಕರು ಕೂಗಿದ್ದು ಕೇಳಿ ಒಳಗೆ ಹೋದಳು. ಸಣ್ಣಮ್ಮ ಇಳಿದು ಓಡಬಹುದಿತ್ತು. ಕೆಳಗೆ ಗಂಗೆ, ಮಡಿಲಲ್ಲಿ ಮಗು. ಮೇಲೆ ಅವಳು ಬೀಳುವ ಕಿಡಿಗೆಲ್ಲ ನೀರು ಹೊಯ್ಯುತ್ತಿದ್ದಳು. ಅವಳು ಇಳಿಯಲಿಲ್ಲ. ಕೊಟ್ಟಿಗೆಯ ಮಾಡು ಕುಸಿದದ್ದನ್ನು ಕಣ್ಣಾರೆ ಕಂಡಳು.

ಐದು ಮನೆ ಸುಟ್ಟವು. ಸುಕ್ರಿ ಹೋದಳು. ಸಾಲಿಗೆ ತೀರ ಹತ್ತಿರವಿದ್ದ ಆರು ಮನೆಗಳಲ್ಲಿ ಗಂಗೆಯದು ಮಾತ್ರ ಒಂದು ಹುಲ್ಲೂ ಕಮರದೆ ನಿಂತಿತ್ತು. ಮೂರನೆಯ ದಿನ ಜನ ಮೇಲೆ ಹತ್ತಿ, ಕರಿಯ ನೆಲದ ನಡುವೆ, ಗಂಗೆಯ ಮನೆಯ ನೇರಕ್ಕೆ, ಹನ್ನೊಂದು ಬುಡ ಕಂಡರು, ಕತ್ತಿಯ ಏಟು ಕಂಡರು. ಮತ್ತೇನು ಬೇಕು? ದೇವರ ಮರ ಕಡಿದದ್ದಕ್ಕೇ ಬೆಂಕಿ ಬಿತ್ತು, ಕಡಿದವರನ್ನು ಬಿಟ್ಟು ಕಡಿಯದವರನ್ನು ತಿಂದಿತು ಎಂದು ಕೇರಿ ತೀರ್ಮಾನ ಮಾಡಿತು. ಮಾಬ್ಲನಿಗೆ ಗದ್ದೆಯಲ್ಲಿ ಜೊತೆ ಕೂಡುವವರಿಲ್ಲವಾಯಿತು. ಒಲೆ ಆರಿದಾಗ ನೆರೆಮನೆಗೆ ಕರಟ ಹಿಡಿದು ಕೆಂಡ ಕೇಳಲು ಹೋಗುವುದು ಅಲ್ಲಿಯ ನಡೆ. ಗಂಗೆ ಹೋದರೆ ಎಲ್ಲ ಮನೆಗಳ ಒಲೆಯೂ ಆರಿರುತ್ತಿತ್ತು. ಸುಕ್ರಿಯ ಮಗ ಪಾಂಡು ಗಂಗೆಯನ್ನು ಕಂಡರೆ ದಾರಿ ಬಿಟ್ಟು ಗದ್ದೆಗೆ ಇಳಿಯುತ್ತಿದ್ದ.

ಒಂದು ಸಂಜೆ ಗಂಗೆ ಬರಿಯ ಕರಟ ಹಿಡಿದು ಹಿಂದೆ ಬಂದು, ಅದನ್ನು ತಾಯಿಯ ಮುಂದೆ ಇಟ್ಟು ಕೂತಳು. ಅಳುತ್ತಿರಲಿಲ್ಲ. "ಅವ್ವಿ, ನಮ್ಮನೆ ಒಂದೇ ಎಂತಕೆ ಉಳೀತು?"

ಸಣ್ಣಮ್ಮ ಹೇಳಿದಳು. ಅಮಟೆ ಸೊಪ್ಪು, ಸಾಹೇಬನಿಗೆ ಕೊಟ್ಟ ಉತ್ತರ, ನಾಗಪತಿ, ಹನ್ನೊಂದು ಮರ, ಮಾಡಿನ ಮೇಲಿಂದ ಕಂಡದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ನಿನ್ನನ್ನು ಉಳಿಸಿಕೊಳ್ಳಲು ಮಾಡಿದೆ ಎಂದಳು. ಹೇಳಿ ಮುಗಿಯುವ ಹೊತ್ತಿಗೆ ಒಳಗೆ ಮಗು ಎದ್ದು ಅಳತೊಡಗಿತ್ತು.

ಗಂಗೆ ಬರಿಯ ಕರಟವನ್ನು ಎತ್ತಿ ಕೈಯಲ್ಲಿ ತಿರುಗಿಸಿದಳು. ಅವಳಿಗೆ ತಾಯಿಯ ಮೇಲೆ ಸಿಟ್ಟು ಬಂದಂತೆ ಕಾಣಲಿಲ್ಲ, ಬಂದಿದ್ದರೆ ಸಣ್ಣಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ದೊಡ್ಡವ್ವಿಗೆ ಒಂದು ಮಾತು ಹೇಳಿದ್ರೆ ಸಾಕಾಗಿತ್ತು, ಅವ್ವಿ," ಎಂದಳು. "ಅವ್ಳೂ ಕತ್ತಿ ತಕಂಡು ಬತ್ತಿದ್ಲು."

ಹೌದು, ಬರುತ್ತಿದ್ದಳು. ಗಂಗೆ ಎದ್ದು ಮಗುವಿನ ಹತ್ತಿರ ಹೋದಳು.